ಸೂಪರ್‌ಮ್ಯಾನ್‌ಗೂ ಮುಪ್ಪು ಬರಲಿ

ಸೂಪರ್‌ಹೀರೋ ಸಿನಿಮಾಗಳ ಕಥಾಲೋಕ ಬೇರೆ, ಟಿವಿ ಸರಣಿಗಳ ಕಥಾಲೋಕ ಬೇರೆ ಆಗಿಯೇ ಇರಬೇಕು. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು. ಈ ಮಾತನ್ನು ಕ್ಯಾಂಟೀನಿನಲ್ಲಿ ಹೇಳಿದ್ದಕ್ಕೆ ಕಾಮರ್ಸ್ ವಿಭಾಗದ ಗೆಳೆಯನೊಬ್ಬ ನನ್ನ ಜೊತೆ ಸಮೋಸ ತಣ್ಣಗಾಗುವಷ್ಟು ಹೊತ್ತು ವಾದ ಮಾಡಿದ. ಬೆಲ್ ಹೊಡೆದದ್ದರಿಂದ ನನ್ನ ವಾದ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಸಂಪಾದಕರ ಅನುಮತಿ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಬೆಲ್ ಇಲ್ಲ.

ಈ ವಿಷಯದ ಪರಿಚಯವಿಲ್ಲದ ಉಪನ್ಯಾಸಕರಿಗಾಗಿ ಎರಡು ಮಾತು. ನಮ್ಮ ಮನೆಗಳಲ್ಲಿ ಉಮ್ಮಂದಿರು ನೋಡುವ ಕನ್ನಡ ಧಾರಾವಾಹಿಗಳಲ್ಲಿ ಆಗಾಗ 'ಮಹಾಸಂಗಮ' ಬರುತ್ತದಲ್ಲ? ಏಳು ಗಂಟೆಯ ಧಾರಾವಾಹಿಯ ಮನೆಯವರೆಲ್ಲ ಏಳೂವರೆಯ ಧಾರಾವಾಹಿಯ ಮದುವೆಗೆ ಬಂದುಬಿಡುತ್ತಾರೆ. ಒಂದು ವಾರ ಗಲಾಟೆ, ಆಮೇಲೆ ಅವರವರು ಅವರವರ ಮನೆಗೆ. ಮಾರ್ವೆಲ್ ಕಂಪನಿ ಮಾಡಿದ್ದು ಮುಗಿಯದ ಮಹಾಸಂಗಮ. 2008ರ 'ಐರನ್ ಮ್ಯಾನ್' ಚಿತ್ರದಿಂದ ಶುರುವಾದ ಆ ಲೋಕದಲ್ಲಿ ಒಂದು ಚಿತ್ರದಲ್ಲಿ ನಡೆದದ್ದು ಮುಂದಿನ ಎಲ್ಲ ಚಿತ್ರಗಳಲ್ಲೂ ನಡೆದದ್ದೇ. ಸಿನಿಮಾ ಸಿನಿಮಾಗಳ ನಡುವೆ ಇದು ಚೆನ್ನಾಗಿಯೇ ಕೆಲಸ ಮಾಡಿತು. 2012ರ 'ದಿ ಅವೆಂಜರ್ಸ್' ನೋಡಿ ಸಂತೋಷಪಡದವರು ನಮ್ಮ ತರಗತಿಯಲ್ಲಿ ಯಾರೂ ಇಲ್ಲ. ತೊಂದರೆ ಶುರುವಾದದ್ದು ಟಿವಿಯನ್ನೂ ಆ ಮದುವೆಗೆ ಕರೆದಾಗ. ಇವರ ಎದುರಾಳಿ ಡಿಸಿ ಕಂಪನಿ ಬಹಳ ಕಾಲ ಬೇರೆ ದಾರಿಯಲ್ಲಿ ನಡೆಯಿತು. ಅದರ ಟಿವಿ ಲೋಕ ಒಂದು, ಸಿನಿಮಾ ಲೋಕ ಇನ್ನೊಂದು. ಒಂದೇ ಹೆಸರಿನ ನಾಯಕ ಎರಡೂ ಕಡೆ ಇರುತ್ತಿದ್ದ, ಬೇರೆ ನಟ, ಬೇರೆ ಕಥೆ. ನನ್ನ ಮತ ಈ ಎರಡನೆಯ ದಾರಿಗೆ.

ಮೊದಲು ಮಾರ್ವೆಲ್‌ನ ಮೊದಲ ಪ್ರಯೋಗ ನೋಡೋಣ. 'ಏಜೆಂಟ್ಸ್ ಆಫ್ ಶೀಲ್ಡ್' ಎಂಬ ಸರಣಿ 2013ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾಯಿತು. 'ದಿ ಅವೆಂಜರ್ಸ್' ಚಿತ್ರದಲ್ಲಿ ಸತ್ತ ಕೋಲ್ಸನ್ ಎಂಬ ಅಧಿಕಾರಿ ಇಲ್ಲಿ ಬದುಕಿ ಬರುತ್ತಾನೆ, ಅವನೇ ನಾಯಕ. ಒಳ್ಳೆಯ ನಟ, ಒಳ್ಳೆಯ ತಂಡ. ಆದರೆ ಇವರ ಪಾಡು ನೋಡಿ. ಆ ನವೆಂಬರ್‌ನಲ್ಲಿ 'ಥಾರ್' ಸರಣಿಯ ಎರಡನೇ ಚಿತ್ರ ಬಂತು. ಅದರ ಕೊನೆಯ ಹೊಡೆದಾಟ ಲಂಡನ್‌ನ ಗ್ರೀನಿಚ್‌ನಲ್ಲಿ ನಡೆಯುತ್ತದೆ. ಅದಾದ ಮೇಲೆ ಪ್ರಸಾರವಾದ ಕಂತಿನಲ್ಲಿ ನಮ್ಮ ಕೋಲ್ಸನ್ ತಂಡ ಏನು ಮಾಡುತ್ತಿತ್ತು ಗೊತ್ತೇ? ಗ್ರೀನಿಚ್‌ನಲ್ಲಿ ಬಿದ್ದ ಕಸ ಎತ್ತುತ್ತಿತ್ತು. ಸಿನಿಮಾದವರು ಊಟ ಮಾಡಿ ಎದ್ದುಹೋದ ಮೇಲೆ ಟಿವಿಯವರು ಎಲೆ ಎತ್ತುವುದು! ತಮಾಷೆಯಾಗಿ ತೋರುತ್ತದೆ, ಆದರೆ ಒಂದೇ ಲೋಕದಲ್ಲಿ ದೊಡ್ಡವನೂ ಚಿಕ್ಕವನೂ ಒಟ್ಟಿಗೆ ಬಾಳಿದರೆ ಕೆಲಸ ಹಂಚಿಕೆಯಾಗುವುದು ಹೀಗೆಯೇ.

ಮುಂದೆ ಇನ್ನೂ ಕಷ್ಟವಾಯಿತು. 2014ರ ಏಪ್ರಿಲ್‌ನಲ್ಲಿ ಬಂದ 'ವಿಂಟರ್ ಸೋಲ್ಜರ್' ಚಿತ್ರದಲ್ಲಿ ಶೀಲ್ಡ್ ಎಂಬ ಸಂಸ್ಥೆಯೇ ಮುರಿದುಬೀಳುತ್ತದೆ, ಅದರೊಳಗೆ ಶತ್ರುಗಳು ತುಂಬಿರುವುದು ಬಯಲಾಗುತ್ತದೆ. ಯಾವ ಸಂಸ್ಥೆಯ ಹೆಸರಿಟ್ಟುಕೊಂಡು ಸರಣಿ ನಡೆಯುತ್ತಿತ್ತೋ ಅದೇ ಸಂಸ್ಥೆ! ಈ ಗುಟ್ಟನ್ನು ಕಾಪಾಡಲು ಸರಣಿ 16 ಕಂತುಗಳವರೆಗೆ ಕಾಯಬೇಕಾಯಿತು. ಚಿತ್ರ ಬಿಡುಗಡೆಯಾದ ನಾಲ್ಕು ದಿನಕ್ಕೆ 17ನೇ ಕಂತಿನಲ್ಲಿ ಎಲ್ಲ ತಲೆಕೆಳಗಾಯಿತು. ಆ ತಿರುವಿನಿಂದಲೇ ಸರಣಿಗೆ ಜೀವ ಬಂತು ಎನ್ನುವವರಿದ್ದಾರೆ, ನಾನೂ ಒಪ್ಪುತ್ತೇನೆ. ಆದರೆ ಜೀವ ಬರಲು ಪಕ್ಕದ ಮನೆಯ ಬಾಗಿಲು ತೆರೆಯುವವರೆಗೆ ಕಾಯಬೇಕೆಂದರೆ ಅದು ಎಂಥ ಕಥೆ? ಅದರ ಮೊದಲ ತಿಂಗಳುಗಳಲ್ಲಿ ನೋಡುವುದನ್ನು ಬಿಟ್ಟವರು ತಿರುಗಿ ಬಂದರೆಂದು ನನಗನಿಸುವುದಿಲ್ಲ.

ಇದಕ್ಕಿಂತ ದೊಡ್ಡ ವಿಚಿತ್ರ 2018-19ರಲ್ಲಿ ನಡೆಯಿತು. 'ಇನ್ಫಿನಿಟಿ ವಾರ್' ಚಿತ್ರದಲ್ಲಿ ಥಾನೋಸ್ ಚಿಟಿಕೆ ಹೊಡೆದು ಇಡೀ ವಿಶ್ವದ ಅರ್ಧದಷ್ಟು ಜೀವಿಗಳನ್ನು ಧೂಳು ಮಾಡಿದ. ಅದೇ ವಿಶ್ವದಲ್ಲಿ ನಡೆಯುತ್ತಿದ್ದ 'ಏಜೆಂಟ್ಸ್ ಆಫ್ ಶೀಲ್ಡ್' ಸರಣಿಯ ಆರನೇ ಸೀಸನ್‌ನಲ್ಲಿ ಯಾರೂ ಧೂಳಾಗಿಲ್ಲ, ಯಾರೂ ಅದರ ಬಗ್ಗೆ ಮಾತಾಡುವುದೂ ಇಲ್ಲ. ಬರೆಯುವವರ ತಪ್ಪಲ್ಲ ಇದು. ಸಿನಿಮಾದ ಕಥೆ ಬೀಗ ಹಾಕಿದ ಕೋಣೆಯಲ್ಲಿರುತ್ತದೆ. ಟಿವಿಯ ಕಥೆಯನ್ನು ವಾರ ವಾರ ಒದಗಿಸಬೇಕು. ಸಿನಿಮಾಗೆ ಎರಡು ಮೂರು ವರ್ಷ ಹಿಡಿಯುತ್ತದೆ, ಮಧ್ಯೆ ಬಿಡುಗಡೆಯ ದಿನಾಂಕವೂ ಬದಲಾಗಬಹುದು. ಟಿವಿಯಲ್ಲಿ ವರ್ಷಕ್ಕೆ 22 ಕಂತು ಬರೆದು, ಚಿತ್ರೀಕರಿಸಿ, ಪ್ರಸಾರ ಮಾಡಬೇಕು. ಇವೆರಡನ್ನು ಒಂದೇ ನೊಗಕ್ಕೆ ಕಟ್ಟಿದರೆ ಗೆರೆ ನೆಟ್ಟಗೆ ಬರುವುದು ಹೇಗೆ? ಏಳು ಸೀಸನ್, 136 ಕಂತುಗಳ ನಂತರ 2020ರಲ್ಲಿ ಆ ಸರಣಿ ಮುಗಿಯಿತು. ತನ್ನ ಗೆಳೆಯ ಕೋಲ್ಸನ್ ಬದುಕಿ ಬಂದ ವಿಷಯ ಐರನ್ ಮ್ಯಾನ್‌ಗೆ ಕೊನೆಗೂ ಗೊತ್ತಾಗಲಿಲ್ಲ. ಒಂದೇ ಲೋಕವಂತೆ!

ಇಲ್ಲಿ ನನ್ನ ಗೆಳೆಯನ ಉತ್ತರ ಹೀಗಿತ್ತು: "ಅದು ಹಳೆಯ ಕಥೆ. ಆಗ ಟಿವಿ ವಿಭಾಗ ಬೇರೆ, ಸಿನಿಮಾ ವಿಭಾಗ ಬೇರೆ. ಈಗ ಎರಡೂ ಕೆವಿನ್ ಫೈಗಿ ಒಬ್ಬರ ಕೈಯಲ್ಲಿದೆ." ನಿಜ, 2019ರ ಕೊನೆಯಲ್ಲಿ ಮಾರ್ವೆಲ್‌ನ ಟಿವಿ ವಿಭಾಗವನ್ನು ಸಿನಿಮಾ ವಿಭಾಗದೊಳಗೆ ಸೇರಿಸಿದರು. 2021ರ ಜನವರಿಯಿಂದ ಹೊಸ ಸರಣಿಗಳು ಬಂದವು, ಸಿನಿಮಾದ ನಟರೇ ಅವುಗಳಲ್ಲಿ ನಟಿಸಿದರು, ಸಿನಿಮಾದಷ್ಟೇ ಖರ್ಚು ಕಾಣುತ್ತಿತ್ತು. ಅದರ ಫಲವೇನಾಯಿತು ನೋಡೋಣ.

ಮೊದಲು ಬಂದದ್ದು 'ವಾಂಡಾವಿಷನ್', ಒಂಬತ್ತು ಕಂತು. ಪ್ರೀತಿಸಿದವನನ್ನು ಕಳೆದುಕೊಂಡ ವಾಂಡಾ ತನ್ನ ಶಕ್ತಿಯಿಂದ ಒಂದು ಇಡೀ ಊರನ್ನೇ ಹಳೆಯ ಟಿವಿ ಹಾಸ್ಯ ಧಾರಾವಾಹಿಯಂತೆ ಮಾಡಿಕೊಂಡು, ಗಂಡ, ಇಬ್ಬರು ಗಂಡುಮಕ್ಕಳೊಂದಿಗೆ ಸಂಸಾರ ಹೂಡುತ್ತಾಳೆ. ಅದು ಸುಳ್ಳು ಸಂಸಾರ, ಊರಿನವರಿಗೆ ಅದು ಜೈಲು ಎಂದು ತಿಳಿದ ಮೇಲೆ ಮಕ್ಕಳನ್ನು ಮಲಗಿಸಿ, ಗಂಡನನ್ನು ಬೀಳ್ಕೊಟ್ಟು ಎಲ್ಲವನ್ನೂ ಕೈಬಿಡುತ್ತಾಳೆ. ದುಃಖದ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡಿದ ಸೂಪರ್‌ಹೀರೋ ಕಥೆಯನ್ನು ನಾನು ಬೇರೆ ನೋಡಿಲ್ಲ. ಅದು ಅಲ್ಲಿಗೇ ಮುಗಿದಿದ್ದರೆ! ಆದರೆ 2022ರ ಮೇ ತಿಂಗಳಲ್ಲಿ 'ಡಾಕ್ಟರ್ ಸ್ಟ್ರೇಂಜ್' ಎರಡನೇ ಚಿತ್ರಕ್ಕೆ ಒಬ್ಬ ಖಳನಾಯಕಿ ಬೇಕಿತ್ತು. ವಾಂಡಾಳನ್ನೇ ಹಿಡಿದರು. ಒಂಬತ್ತು ಕಂತುಗಳಲ್ಲಿ ಕಣ್ಣೀರು ಹಾಕಿ ಕಲಿತದ್ದನ್ನೆಲ್ಲ ಅವಳು ಮರೆತು, ಅದೇ ಮಕ್ಕಳಿಗಾಗಿ ಅಡ್ಡ ಬಂದವರನ್ನೆಲ್ಲ ಕೊಲ್ಲುತ್ತ ಹೋಗುತ್ತಾಳೆ. ಚಿತ್ರದ ನಿರ್ದೇಶಕ ಸ್ಯಾಮ್ ರೇಮಿ ತಾವು 'ವಾಂಡಾವಿಷನ್' ಪೂರ್ತಿ ನೋಡಿಲ್ಲವೆಂದು ಸಂದರ್ಶನದಲ್ಲಿ ಹೇಳಿದ್ದರು. ನೋಡುವವರು ಮಾತ್ರ ಎರಡನ್ನೂ ನೋಡಿರಬೇಕು! ಸರಣಿ ನೋಡದವರಿಗೆ ಇವಳಿಗೆ ಮಕ್ಕಳು ಎಲ್ಲಿಂದ ಬಂದರು ಎಂಬ ಗೊಂದಲ. ನೋಡಿದವರಿಗೆ ತಾವು ನೋಡಿದ ಮುಕ್ತಾಯ ಮುಕ್ತಾಯವೇ ಅಲ್ಲವೆಂಬ ಬೇಸರ. ಇಬ್ಬರಿಗೂ ನಷ್ಟ.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ಉದಾಹರಣೆಗೆ ಬರುತ್ತೇನೆ. 2022ರ ಜೂನ್‌ನಲ್ಲಿ ಬಂದ 'ಮಿಸ್ ಮಾರ್ವೆಲ್', ಆರು ಕಂತು. ನಾಯಕಿ ಕಮಾಲಾ ಖಾನ್, ಅಮೆರಿಕದ ಜರ್ಸಿ ಸಿಟಿಯಲ್ಲಿ ಬೆಳೆದ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿ, ನಮ್ಮ ವಯಸ್ಸಿನವಳು. ಕಾಮಿಕ್ಸ್‌ನಲ್ಲಿ 2013ರಲ್ಲೇ ಹುಟ್ಟಿದ ಪಾತ್ರ. ಈ ಸರಣಿಯ ಮನೆ ನೋಡಿದರೆ ನಮ್ಮ ಮನೆಗಳು ನೆನಪಾಗುತ್ತವೆ: ರಾತ್ರಿ ಹೊರಗೆ ಹೋಗಬೇಡ ಎನ್ನುವ ಅಮ್ಮಿ, ಮಗಳ ಪರವಾಗಿ ಮೆಲ್ಲಗೆ ವಾದಿಸುವ ಅಬ್ಬು, ಅಣ್ಣನ ನಿಕಾಹ್, ಮಸೀದಿ ಸಮಿತಿಯ ಚುನಾವಣೆಗೆ ನಿಲ್ಲುವ ಹಿಜಾಬ್ ತೊಟ್ಟ ಗೆಳತಿ ನಾಕಿಯಾ. ಹಾಲಿವುಡ್‌ನಲ್ಲಿ ನಮ್ಮಂಥ ಹೆಸರಿನವರು ಸಾಮಾನ್ಯವಾಗಿ ಯಾವ ಪಾತ್ರಕ್ಕೆ ಬರುತ್ತಾರೆಂದು ನಿಮಗೆ ಗೊತ್ತೇ ಇದೆ. ಇಲ್ಲಿ ಆ ಹೆಸರಿನವಳು ನಾಯಕಿ, ಅದೂ ಯಾರಿಗೂ ಏನನ್ನೂ ಸಾಬೀತುಪಡಿಸುವ ಗೊಡವೆಯಿಲ್ಲದೆ. ಮುತ್ತಜ್ಜಿಯ ಬಳೆಯಿಂದ ಅವಳ ಶಕ್ತಿ ಎಚ್ಚರವಾಗುತ್ತದೆ. ಆ ಬಳೆಯ ಗುಟ್ಟು ಹುಡುಕುತ್ತ ಅವಳು ಕರಾಚಿಗೆ, ಅಲ್ಲಿಂದ 1947ರ ದೇಶವಿಭಜನೆಯ ರಾತ್ರಿಗೆ ಹೋಗಿಬಿಡುತ್ತಾಳೆ. ಜನ ನೂಕಾಡುವ ರೈಲು ನಿಲ್ದಾಣದಲ್ಲಿ ಕಳೆದುಹೋದ ಪುಟ್ಟ ಮಗುವನ್ನು, ಅಂದರೆ ತನ್ನ ಅಜ್ಜಿಯನ್ನೇ, ಬೆಳಕಿನ ಚುಕ್ಕಿಗಳಿಂದ ದಾರಿ ತೋರಿಸಿ ರೈಲು ಹತ್ತಿಸುತ್ತಾಳೆ. ಆ ಕಂತನ್ನು ನಿರ್ದೇಶಿಸಿದವರು ಶರ್ಮೀನ್ ಒಬೈದ್ ಚಿನಾಯ್. ವಿಭಜನೆಯನ್ನು ಇತಿಹಾಸ ಪುಸ್ತಕದಲ್ಲಿ ಓದುವುದು ಬೇರೆ, ಹೀಗೆ ಒಂದು ಮನೆಯ ಕಥೆಯಾಗಿ ನೋಡುವುದು ಬೇರೆ.

ಕೊನೆಯ ಕಂತಿನಲ್ಲಿ ಅಬ್ಬು ಮಗಳ ಪಕ್ಕದಲ್ಲಿ ಕುಳಿತು ಅವಳ ಹೆಸರಿನ ಅರ್ಥ ಹೇಳುತ್ತಾನೆ. ಕಮಾಲ್ ಎಂದರೆ ಅರಬಿಯಲ್ಲಿ ಪರಿಪೂರ್ಣತೆ, ಉರ್ದುವಿನಲ್ಲಿ ಬೆರಗು, ಅದ್ಭುತ. ಇಂಗ್ಲಿಷಿನಲ್ಲಿ ಅದನ್ನೇ ಮಾರ್ವೆಲ್ ಎನ್ನುತ್ತಾರೆ. ಅಷ್ಟು ದಿನ ಬೇರೆ ಹೀರೋಗಳ ಹೆಸರನ್ನು ಗೋಡೆಗೆ ಅಂಟಿಸಿಕೊಂಡಿದ್ದ ಹುಡುಗಿಗೆ ಅವಳ ಹೀರೋ ಹೆಸರು ತನ್ನ ಮನೆಯಿಂದ, ತನ್ನ ಭಾಷೆಯಿಂದಲೇ ಸಿಕ್ಕಿತು. ಕಥೆ ಇಲ್ಲಿ ಮುಗಿಯಿತು. ಮುಗಿಯಲು ಬಿಡಬೇಕಿತ್ತು.

ಆದರೆ ಹೆಸರುಗಳ ಪಟ್ಟಿ ಓಡುವಾಗ ಇನ್ನೊಂದು ತುಣುಕು ಬರುತ್ತದೆ. ಕಮಾಲಾ ತನ್ನ ಕೋಣೆಯಲ್ಲಿ ಮಲಗಿರುವಾಗ ಬಳೆ ಮಿನುಗುತ್ತದೆ, ಅವಳು ಮಾಯವಾಗುತ್ತಾಳೆ, ಅವಳ ಜಾಗದಲ್ಲಿ ಸಿನಿಮಾದ ಕ್ಯಾಪ್ಟನ್ ಮಾರ್ವೆಲ್ ಬಂದು ನಿಲ್ಲುತ್ತಾಳೆ. ಯೋಚಿಸಿ ನೋಡಿ. ಕಮಾಲಾಳ ಸ್ವಂತ ಸರಣಿಯ ಕೊನೆಯ ದೃಶ್ಯದಲ್ಲಿ ಕಮಾಲಾ ಇಲ್ಲ. ಅವಳ ಹಾಸಿಗೆಯ ಪಕ್ಕದಲ್ಲಿ ಬೇರೆ ಯಾರೋ ನಿಂತಿದ್ದಾರೆ. ಅದು ಮುಂದಿನ ಚಿತ್ರದ ಜಾಹೀರಾತು.

ಆ ಚಿತ್ರ 'ದಿ ಮಾರ್ವೆಲ್ಸ್', 2023ರ ನವೆಂಬರ್‌ನಲ್ಲಿ ಬಂತು. ಅವಧಿ 105 ನಿಮಿಷ. ಅದು ಪೂರ್ತಿ ಅರ್ಥವಾಗಬೇಕಾದರೆ ಹಿಂದಿನ ಚಿತ್ರದ ಜೊತೆಗೆ ಮೋನಿಕಾಳ ಪರಿಚಯಕ್ಕೆ 'ವಾಂಡಾವಿಷನ್' ಒಂಬತ್ತು ಕಂತು, ಕಮಾಲಾಳ ಪರಿಚಯಕ್ಕೆ ಆರು ಕಂತು. ಅದೇ ವರ್ಷ ಬಂದಿದ್ದ 'ಸೀಕ್ರೆಟ್ ಇನ್ವೇಷನ್' ಸರಣಿಯ ಆರು ಕಂತೂ ಬೇಕಿತ್ತು ಎನ್ನೋಣವೆಂದರೆ, ಅದರಲ್ಲಿ ನಿಕ್ ಫ್ಯೂರಿಗೆ ನಡೆದದ್ದರ ಸುಳಿವೇ ಚಿತ್ರದಲ್ಲಿಲ್ಲ. ಅಲ್ಲಿ ಅಮೆರಿಕದ ಅಧ್ಯಕ್ಷ ಅನ್ಯಗ್ರಹದವರ ಮೇಲೆ ಯುದ್ಧ ಸಾರಿದ್ದಾನೆ, ಇಲ್ಲಿ ಫ್ಯೂರಿ ಆರಾಮವಾಗಿ ಜೋಕ್ ಮಾಡುತ್ತಿದ್ದಾನೆ. ಎರಡೂ ಒಬ್ಬರ ಕೈಯಲ್ಲಿದ್ದಾಗಲೇ ಹೀಗೆ. 2019ರ 'ಕ್ಯಾಪ್ಟನ್ ಮಾರ್ವೆಲ್' ಜಗತ್ತಿನಾದ್ಯಂತ 110 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತ್ತು. ಅದರ ಮುಂದುವರಿಕೆಯಾದ ಇದು ಗಳಿಸಿದ್ದು ಸುಮಾರು 20 ಕೋಟಿ, ಆ ಲೋಕದ ಚಿತ್ರಗಳಲ್ಲೇ ಅತಿ ಕಡಿಮೆ. ಹಾಲಿವುಡ್ ನಟರ ಮುಷ್ಕರದಿಂದ ಪ್ರಚಾರ ಸರಿಯಾಗಿ ನಡೆಯಲಿಲ್ಲ ಎಂಬುದೂ ನಿಜ, ಅದನ್ನು ಮರೆಮಾಚುವುದಿಲ್ಲ. ಆದರೆ ಆ ವರ್ಷದ ಬೇಸಿಗೆಯಲ್ಲಿಯೇ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್, ಟಿವಿ ಸರಣಿಗಳನ್ನು ವಿಪರೀತ ಹೆಚ್ಚಿಸಿದ್ದರಿಂದ ಮಾರ್ವೆಲ್‌ನ ಗಮನ ಚದುರಿತು ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಹೇಳಿದ್ದರು.

2024ರ ಜನವರಿಯಲ್ಲಿ 'ಎಕೋ' ಸರಣಿ ಬಂದಾಗ ಕಂಪನಿ 'ಮಾರ್ವೆಲ್ ಸ್ಪಾಟ್‌ಲೈಟ್' ಎಂಬ ಹೊಸ ಚೀಟಿ ಅಂಟಿಸಿತು. ಚೀಟಿಯ ಅರ್ಥ: ಇದನ್ನು ನೋಡಲು ಬೇರೇನನ್ನೂ ನೋಡಿರಬೇಕಿಲ್ಲ. ಒಂದು ಕಥೆ ತಾನಾಗಿಯೇ ಅರ್ಥವಾಗುತ್ತದೆ ಎಂದು ಅದರ ಮೇಲೆ ಬರೆದು ಮಾರಬೇಕಾದ ಸ್ಥಿತಿ! ಹೋಟೆಲಿನವರು 'ನಮ್ಮ ಬಿರಿಯಾನಿ ತಿನ್ನಬಹುದು' ಎಂದು ಬೋರ್ಡ್ ಹಾಕಿದ ಹಾಗೆ.

ನಮ್ಮಂಥ ವಿದ್ಯಾರ್ಥಿಗಳಿಗೆ ಇದರ ಬಿಸಿ ಬೇರೆ ರೀತಿಯಲ್ಲೂ ತಟ್ಟುತ್ತದೆ. ಪಿಸಿಎಂಬಿ ಓದುವವರಿಗೆ ಬೆಳಿಗ್ಗೆ ಕಾಲೇಜು, ಸಂಜೆ ಟ್ಯೂಷನ್, ಭಾನುವಾರ ನೀಟ್ ಟೆಸ್ಟ್. ವರ್ಷಕ್ಕೆ ಎರಡು ಸಿನಿಮಾ ನೋಡಲು ಮನೆಯಲ್ಲಿ ಒಪ್ಪಿಗೆ ಸಿಗಬಹುದು, ಟಿಕೆಟ್‌ಗೆ ದುಡ್ಡೂ ಸಿಗಬಹುದು. ಅದರ ಮೇಲೆ ಒಟಿಟಿ ಚಂದಾ, ದಿನಕ್ಕೆ ಒಂದೂವರೆ ಜಿಬಿ ಡೇಟಾ, ಮನೆಯಲ್ಲಿ ಮೂವರಿಗೆ ಒಂದು ಫೋನ್. ಸಿನಿಮಾಗೆ ಹೋಗುವ ಮೊದಲು ಹದಿನೈದು ಕಂತು 'ಹೋಂವರ್ಕ್' ಮಾಡಬೇಕೆಂದರೆ ನಾವು ಎಲ್ಲಿಗೆ ಹೋಗೋಣ? ನಮ್ಮ ತರಗತಿಯಲ್ಲಿ ಚಂದಾ ಇದ್ದವರು ಕಥೆ ಹೇಳುತ್ತಾರೆ, ಇಲ್ಲದವರು ತಲೆಯಾಡಿಸುತ್ತಾರೆ. ಒಟ್ಟಿಗೆ ನೋಡಿ ಒಟ್ಟಿಗೆ ಜಗಳವಾಡುವ ಸುಖವೇ ಹೋಯಿತು.

ಇನ್ನು ಡಿಸಿಯ ದಾರಿ. 2001ರಿಂದ 2011ರವರೆಗೆ 'ಸ್ಮಾಲ್‌ವಿಲ್' ಸರಣಿಯಲ್ಲಿ ಟಾಮ್ ವೆಲ್ಲಿಂಗ್ ಯುವಕ ಕ್ಲಾರ್ಕ್ ಕೆಂಟ್ ಆಗಿದ್ದರು. ಅದರ ಮಧ್ಯೆಯೇ, 2006ರಲ್ಲಿ, 'ಸೂಪರ್‌ಮ್ಯಾನ್ ರಿಟರ್ನ್ಸ್' ಚಿತ್ರದಲ್ಲಿ ಬ್ರ್ಯಾಂಡನ್ ರೌತ್ ಸೂಪರ್‌ಮ್ಯಾನ್ ಆಗಿ ಹಾರಿದರು. ಇಬ್ಬರು ಸೂಪರ್‌ಮ್ಯಾನ್‌ಗಳಿಂದ ಯಾರ ತಲೆಯೂ ಕೆಡಲಿಲ್ಲ. ನಮಗಂತೂ ಕೆಡಬಾರದು. ಕನ್ನಡ ತರಗತಿಯಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಓದುವವರು ನಾವು. ಪಂಪನ ಕಾವ್ಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕುಮಾರವ್ಯಾಸನಲ್ಲಿ ಐವರ ಪತ್ನಿ. ರನ್ನನ 'ಗದಾಯುದ್ಧ' ಓದುವಾಗ ದುರ್ಯೋಧನನ ಮೇಲೆ ಮರುಕ ಹುಟ್ಟುತ್ತದೆ. ಇವುಗಳಲ್ಲಿ ಯಾವುದು ಅಧಿಕೃತ, ಯಾವುದು ಬೇರೆ ವಿಶ್ವ ಎಂದು ಯಾವ ಉಪನ್ಯಾಸಕರೂ ಪರೀಕ್ಷೆಯಲ್ಲಿ ಕೇಳಿಲ್ಲ. ಪಂಪನನ್ನು ಓದದೆ ಕುಮಾರವ್ಯಾಸ ಅರ್ಥವಾಗುವುದಿಲ್ಲ ಎಂದೂ ಯಾರೂ ಹೇಳಿಲ್ಲ. ಒಬ್ಬೊಬ್ಬ ಕವಿಗೆ ಒಂದೊಂದು ಭಾರತ.

ಬೇರೆ ಲೋಕವಿದ್ದರೆ ಏನು ಸಾಧ್ಯ ಎಂಬುದಕ್ಕೆ ನನ್ನ ಸಾಕ್ಷಿ 'ಸೂಪರ್‌ಮ್ಯಾನ್ ಅಂಡ್ ಲೋಯಿಸ್'. 2021ರಿಂದ 2024ರವರೆಗೆ ನಾಲ್ಕು ಸೀಸನ್. ಇಲ್ಲಿ ಸೂಪರ್‌ಮ್ಯಾನ್‌ಗೆ ಹದಿಹರೆಯದ ಇಬ್ಬರು ಗಂಡುಮಕ್ಕಳು, ಹಳ್ಳಿಯ ಮನೆ, ಹೊಲ. ಮೂರನೇ ಸೀಸನ್‌ನಲ್ಲಿ ಹೆಂಡತಿ ಲೋಯಿಸ್‌ಗೆ ಕ್ಯಾನ್ಸರ್. ಪರ್ವತ ಎತ್ತಬಲ್ಲವನು ಆಸ್ಪತ್ರೆಯ ಕುರ್ಚಿಯಲ್ಲಿ ಸುಮ್ಮನೆ ಕೂರಬೇಕಾಗುತ್ತದೆ. 2024ರ ಡಿಸೆಂಬರ್‌ನ ಕೊನೆಯ ಕಂತಿನಲ್ಲಿ ವರ್ಷಗಳು ಉರುಳುತ್ತವೆ, ಲೋಯಿಸ್ ತೀರಿಕೊಳ್ಳುತ್ತಾಳೆ, ಕ್ಲಾರ್ಕ್ ಮುದುಕನಾಗುತ್ತಾನೆ, ಒಂದು ದಿನ ಮಕ್ಕಳ ಮುಂದೆ ಸಾಮಾನ್ಯ ಮನುಷ್ಯನ ಹಾಗೆ ಕಣ್ಣು ಮುಚ್ಚುತ್ತಾನೆ. ಯಾವ ರಾಕ್ಷಸನೂ ಅವನನ್ನು ಕೊಲ್ಲಲಿಲ್ಲ, ವಯಸ್ಸಾಯಿತು ಅಷ್ಟೆ. ಸೂಪರ್‌ಮ್ಯಾನ್‌ಗೆ ಮುಪ್ಪು! ಆ ಸರಣಿ ಸಿನಿಮಾಗಳಿಗೆ ಕಟ್ಟುಬಿದ್ದಿದ್ದರೆ ಈ ದೃಶ್ಯ ಬರೆಯಲು ಯಾರು ಬಿಡುತ್ತಿದ್ದರು? ಸಿನಿಮಾದವರಿಗೆ ಅವನು ಇನ್ನೂ ಮೂವತ್ತು ವರ್ಷ ಗಟ್ಟಿಮುಟ್ಟಾಗಿ ಬೇಕು. ಏಳು ತಿಂಗಳ ನಂತರ, 2025ರ ಜುಲೈನಲ್ಲಿ, ಡೇವಿಡ್ ಕೊರೆನ್‌ಸ್ವೆಟ್ ಎಂಬ ಹೊಸ ನಟ ಅದೇ ಕೆಂಪು ಮೇಲಂಗಿ ತೊಟ್ಟು ಥಿಯೇಟರಿಗೆ ಬಂದರು. ಹಳೆಯ ಸಾವು ಹೊಸ ಚಿತ್ರಕ್ಕೆ ಅಡ್ಡಿಯಾಗಲಿಲ್ಲ, ಹೊಸ ಚಿತ್ರ ಹಳೆಯ ಸಾವನ್ನು ಸುಳ್ಳು ಮಾಡಲಿಲ್ಲ.

ಹಾಗೆಂದು ಡಿಸಿ ಎಲ್ಲವನ್ನೂ ಸರಿಯಾಗಿ ಮಾಡಿತೆಂದು ನಾನು ಹೇಳುವುದಿಲ್ಲ. ಮನೆ ಬೇರೆ ಮಾಡಿದರು, ಆದರೆ ಪಾತ್ರೆ ಸಾಮಾನೆಲ್ಲ ದೊಡ್ಡಣ್ಣನದು ಎಂಬ ಹಾಗೆ ನಡೆದುಕೊಂಡರು. 'ಆರೋ' ಸರಣಿ 2014ರಲ್ಲೇ 'ಸೂಯಿಸೈಡ್ ಸ್ಕ್ವಾಡ್' ತಂಡವನ್ನು ಚೆನ್ನಾಗಿ ಕಟ್ಟಿತ್ತು. 2016ರ ಆಗಸ್ಟ್‌ನಲ್ಲಿ ಅದೇ ಹೆಸರಿನ ಸಿನಿಮಾ ಬರುವ ಹೊತ್ತಿಗೆ ಸರಣಿಯಲ್ಲಿ ಅಮಾಂಡಾ ವಾಲರ್ ಸತ್ತಿದ್ದಳು, ಡೆಡ್‌ಶಾಟ್ ಸ್ಫೋಟದಲ್ಲಿ ಕಣ್ಮರೆಯಾಗಿದ್ದ. 'ಸೂಪರ್‌ಮ್ಯಾನ್ ಅಂಡ್ ಲೋಯಿಸ್' ಕೂಡ ಕೊನೆಯ ಸೀಸನ್‌ನಲ್ಲಿ ಹತ್ತೇ ಕಂತಿಗೆ ಇಳಿಯಿತು. ಹೊಸ ಚಿತ್ರಕ್ಕೆ ಜಾಗ ಬಿಡಲು ನಿಲ್ಲಿಸಿದರೆಂಬ ಮಾತು ಆಗ ಎಲ್ಲೆಡೆ ಇತ್ತು. ಬೇರೆ ಲೋಕ ಎಂದ ಮೇಲೆ ಪೂರ್ತಿ ಬೇರೆಯಾಗಿರಬೇಕು. ಅಲ್ಲೊಬ್ಬ ವಾಲರ್, ಇಲ್ಲೊಬ್ಬ ವಾಲರ್ ಇದ್ದರೆ ಏನು ಕೊರತೆ? ಈಗಂತೂ ಡಿಸಿಯೂ ಮಾರ್ವೆಲ್‌ನ ದಾರಿ ಹಿಡಿದಿದೆ. 2023ರ ಜನವರಿಯಲ್ಲಿ ಜೇಮ್ಸ್ ಗನ್ ಹೊಸ ಯೋಜನೆ ಪ್ರಕಟಿಸಿ, ಸಿನಿಮಾ, ಟಿವಿ, ಕಾರ್ಟೂನ್ ಎಲ್ಲದರಲ್ಲೂ ಒಂದೇ ಲೋಕ, ಒಂದೇ ನಟ ಎಂದರು. ಫಲ ಆಗಲೇ ಕಾಣುತ್ತಿದೆ. 'ಪೀಸ್‌ಮೇಕರ್' ಸರಣಿಯ ಮೊದಲ ಸೀಸನ್‌ನ ಕೊನೆಯಲ್ಲಿ ಹಳೆಯ ಸಿನಿಮಾಗಳ ಜಸ್ಟಿಸ್ ಲೀಗ್ ಬಂದುಹೋಗಿತ್ತು. 2025ರಲ್ಲಿ ಎರಡನೇ ಸೀಸನ್ ಶುರುವಾಗುವಾಗ 'ಹಿಂದಿನ ಕಥೆ' ತೋರಿಸುವ ಭಾಗದಲ್ಲಿ ಅವರ ಜಾಗದಲ್ಲಿ ಹೊಸ ಲೋಕದ ಬೇರೆ ತಂಡ! ನಾವು ನಮ್ಮ ಕಣ್ಣಾರೆ ನೋಡಿದ್ದನ್ನೇ ಬದಲಾಯಿಸಿದರು.

ಗೆಳೆಯನ ಕಡೆಯಿಂದಲೂ ಎರಡು ಅಂಕ ಕೊಡಲೇಬೇಕು. ಮೊದಲನೆಯದು, 2021ರ ಡಿಸೆಂಬರ್‌ನಲ್ಲಿ 'ನೋ ವೇ ಹೋಮ್' ಚಿತ್ರದಲ್ಲಿ ಡೇರ್‌ಡೆವಿಲ್ ಸರಣಿಯ ಚಾರ್ಲಿ ಕಾಕ್ಸ್ ಬಂದು, ಕಿಟಕಿಯಿಂದ ತೂರಿಬಂದ ಇಟ್ಟಿಗೆಯನ್ನು ಹಿಂತಿರುಗಿಯೂ ನೋಡದೆ ಹಿಡಿದ ಕ್ಷಣ. ಥಿಯೇಟರಿನಲ್ಲಿ ಬಿದ್ದ ಸೀಟಿಯನ್ನು ನಾನು ಅಲ್ಲಗಳೆಯಲಾರೆ. ಅದರಲ್ಲಿ ನನ್ನದೂ ಒಂದಿತ್ತು. ಆದರೆ ಸೀಟಿ ಬಿದ್ದದ್ದು ಏಕೆ? 2015ರಲ್ಲಿ ಶುರುವಾದ ಆ ಸರಣಿ ಮೂರು ಸೀಸನ್‌ಗಳ ಕಾಲ ಸಿನಿಮಾಗಳ ಗೊಡವೆಗೇ ಹೋಗದೆ, ನ್ಯೂಯಾರ್ಕಿನ ಒಂದು ಮೊಹಲ್ಲಾದಲ್ಲಿ ತನ್ನ ಪಾಡಿಗೆ ತಾನು ಬೆಳೆದದ್ದರಿಂದ. ಹೆಸರಿಗೆ ಒಂದೇ ಲೋಕ, ನಡವಳಿಕೆಯಲ್ಲಿ ಸ್ವತಂತ್ರ. ನೆಂಟ ವರ್ಷಕ್ಕೊಮ್ಮೆ ಬಂದರೆ ಸಂಭ್ರಮ, ದಿನಾ ಬಂದರೆ?

ಎರಡನೆಯ ಅಂಕ ನನಗೆ ನಿಜಕ್ಕೂ ತೊಡಕಿನದು: 'ದಿ ಪೆಂಗ್ವಿನ್'. 2022ರ 'ದಿ ಬ್ಯಾಟ್‌ಮ್ಯಾನ್' ಚಿತ್ರದ ಲೋಕದಲ್ಲೇ, ಅದು ಮುಗಿದ ಬೆನ್ನಿಗೇ ನಡೆಯುವ ಎಂಟು ಕಂತಿನ ಸರಣಿ, 2024ರಲ್ಲಿ ಬಂತು. ಕಾಲಿನ್ ಫ್ಯಾರೆಲ್ ಎರಡರಲ್ಲೂ ಇದ್ದಾರೆ. ಸರಣಿ ಅತ್ಯುತ್ತಮವಾಗಿದೆ. ನನ್ನ ಸಮಾಧಾನ ಇಷ್ಟೇ: ಅದು ಒಂದು ಚಿತ್ರ, ಒಂದು ಸರಣಿಯ ಪುಟ್ಟ ಮನೆ, ಡಿಸಿಯ ದೊಡ್ಡ ಲೋಕದಿಂದ ಆ ಮನೆಯನ್ನೇ ಹೊರಗಿಟ್ಟಿದ್ದಾರೆ. ಸರಣಿಯಲ್ಲಿ ಬ್ಯಾಟ್‌ಮ್ಯಾನ್ ಬಂದು ಕಥೆ ಕಸಿದುಕೊಳ್ಳುವುದಿಲ್ಲ. ಮುಂದಿನ ಚಿತ್ರ ಬಂದಾಗ ಈ ಎಂಟು ಕಂತು ನೋಡದವರು ಕಂಗಾಲಾಗುತ್ತಾರೋ ಇಲ್ಲವೋ, ಆಗ ನಮ್ಮಿಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸೋಣ ಎಂದು ಅವನಿಗೆ ಹೇಳಿದ್ದೇನೆ.

"ಬೇರೆ ಬೇರೆ ಲೋಕವಾದರೆ ಇಬ್ಬರು ಭೇಟಿಯಾಗುವುದೇ ಇಲ್ಲವಲ್ಲ" ಎಂಬುದು ಅವನ ಕೊನೆಯ ಬಾಣ. ಆಗುತ್ತಾರೆ. 2014ರ ಅಕ್ಟೋಬರ್‌ನಲ್ಲಿ ಗ್ರಾಂಟ್ ಗಸ್ಟಿನ್ ಟಿವಿಯಲ್ಲಿ ಫ್ಲ್ಯಾಶ್ ಆಗಿ ಓಡತೊಡಗಿದ ಮರುವಾರವೇ, ಸಿನಿಮಾದ ಫ್ಲ್ಯಾಶ್ ಎಜ್ರಾ ಮಿಲ್ಲರ್ ಎಂದು ಕಂಪನಿ ಪ್ರಕಟಿಸಿತ್ತು. ಟಿವಿಯವನ ಅಭಿಮಾನಿಗಳಿಗೆ ಬೇಸರವಾದರೂ ಅವನು ತನ್ನ ಪಾಡಿಗೆ ಓಡುತ್ತ ಹೋದ. 2020ರ ಜನವರಿಯಲ್ಲಿ, ಎಲ್ಲ ವಿಶ್ವಗಳೂ ಬೆರೆಯುವ ಒಂದು ವಿಶೇಷ ಕಂತಿನಲ್ಲಿ, ಇಬ್ಬರೂ ಒಂದೆರಡು ನಿಮಿಷ ಎದುರುಬದುರಾದರು. ಒಬ್ಬರ ವೇಷ ನೋಡಿ ಇನ್ನೊಬ್ಬರಿಗೆ ಅಚ್ಚರಿ. ಸಿನಿಮಾದವನು ಅಲ್ಲಿಯವರೆಗೆ ತನಗೆ ಫ್ಲ್ಯಾಶ್ ಎಂಬ ಹೆಸರೇ ಇಟ್ಟುಕೊಂಡಿರಲಿಲ್ಲ. ಟಿವಿಯವನ ಬಾಯಿಂದ ಆ ಹೆಸರು ಕೇಳಿ ಅವನ ಕಣ್ಣರಳಿತು. ಮರುಕ್ಷಣ ಅವನು ಮಾಯವಾದ, ತನ್ನ ಭೂಮಿಗೆ ಹೋದ. 2023ರ ಜೂನ್‌ನಲ್ಲಿ 'ದಿ ಫ್ಲ್ಯಾಶ್' ಚಿತ್ರ ಬಂತು. ಹಳೆಯ ಬ್ಯಾಟ್‌ಮ್ಯಾನ್ ಮೈಕಲ್ ಕೀಟನ್‌ರನ್ನು ಕರೆತಂದ ಆ ಚಿತ್ರದಲ್ಲಿ ಗಸ್ಟಿನ್ ಇರಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಮೂರು ವಾರ ಮೊದಲೇ ಅವರ ಸರಣಿ 184 ಕಂತು ಮುಗಿಸಿತ್ತು, ಕೊನೆಯ ಕಂತಿನಲ್ಲಿ ಬ್ಯಾರಿ ಮತ್ತು ಐರಿಸ್‌ಗೆ ಹೆಣ್ಣುಮಗು ಹುಟ್ಟಿತ್ತು.